ತೊಟ್ಟಿಲಿನ ಮೇಲಿನ ಹೆಸರು

ನಿನ್ನ ತಮ್ಮನ ಮನೆ
ಮಾರ್ಚ್ ೧೧, ಮಂಗಳವಾರ

ಮಗಳೇ,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಗುರುತು ಕಾಣುತ್ತಿದ್ದರೆ ಕಾಣಲಿ. ಆರೋಗ್ಯವಾಗಿದ್ದೀಯಾ? ಕಾಲಿನ ಊತ ಇಳಿಯಿತೇ? ನಾಲಿಗೆಯದು ಇಳಿದಿರಲಾರದು ಎಂದು ಗೊತ್ತು. ಅಳಿಯಂದಿರ ಕೆಮ್ಮು ಹೇಗಿದೆ? ನನ್ನ ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಹೆತ್ತ ಮಕ್ಕಳೇ ಕೇಳದ ಮೇಲೆ ಮಂಡಿಯನ್ನು ಬೈದು ಏನು ಫಲ. ಕೂಸು ಚೆನ್ನಾಗಿದೆ. ಕೆಳಗಿನ ಒಸಡಿನಲ್ಲಿ ಹಲ್ಲು ಮೊಳೆಯುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ. ನೀನು ಹತ್ತಿರದಲ್ಲಿದ್ದಿದ್ದರೆ ಮೊದಲು ನಿನ್ನ ಬೆರಳನ್ನೇ ಅವನ ಬಾಯಿಗೆ ಕೊಡುತ್ತಿದ್ದೆ.

ಫೋನ್ ಮಾಡಿದ್ದರೆ ಅರ್ಧಕ್ಕೇ ಇಟ್ಟುಬಿಡುತ್ತಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಇಲ್ಲಿಂದ ಹೊರಟ ಮೇಲಲ್ಲವೇ ನಾನು ಬಂದದ್ದು? ಕೂಸಿನ ದೊಡ್ಡ ಹೆಸರನ್ನು ಗಂಡಹೆಂಡತಿ ಸೇರಿ ಇಟ್ಟಿದ್ದರು, ಅದು ಎರಡೂ ಕಡೆಯವರ ಬಾಯಲ್ಲಿ ಸಲೀಸಾಗಿ ಹೊರಳುತ್ತದೆ. ಮನೆಯಲ್ಲಿ ಕೂಗುವ ಮುದ್ದಿನ ಹೆಸರಾದರೂ ನಿಮ್ಮ ಭಾಷೆಯದಿರಲಿ ಎಂದು ಸೊಸೆ ನಿನ್ನನ್ನು ಕೇಳಿದಳಂತೆ. ಅವಳಾಗಿಯೇ ಕೇಳಿದಳು, ನೆನಪಿಟ್ಟುಕೋ. ನಮ್ಮ ಮಾತು ಸರಿಯಾಗಿ ಬಾರದ ಹುಡುಗಿ, ನಮ್ಮದೊಂದು ಮಾತನ್ನು ತನ್ನ ಮಗನಿಗೆ ಹೊದಿಸಲು ಕೈ ಚಾಚಿದಳು. ನೀನು ಏನು ಕೊಟ್ಟೆ? ನಾನು ಒಳಗೆ ಬಂದು ಚೀಲ ಕೆಳಗಿಡುವ ಮೊದಲೇ ಅವಳು ನನ್ನ ಕೈ ಹಿಡಿದು ತೊಟ್ಟಿಲ ಬಳಿಗೆ ಕರೆದೊಯ್ದಳು. ಅಂಗಡಿಗಳಿಗೆ ಬೋರ್ಡು ಬರೆಯುವವಳಲ್ಲವೇ, ಕೈ ಎಂದರೆ ಕೈ. ಹಳದಿ ಬಣ್ಣ, ನೀಲಿ ನೆರಳು, ಮೂಲೆಯಲ್ಲೊಂದು ಬಾತುಕೋಳಿ ಮರಿ, ನಡುವೆ ಒಂದು ಗೆರೆಯೂ ತಪ್ಪದ ಹಾಗೆ ಗುಂಡಗೆ ಕನ್ನಡದ ಅಕ್ಷರ: ಬೆರಕೆ.

ಅವಳು ನನ್ನ ಮುಖ ನೋಡುತ್ತ ನಿಂತಳು, ಮೆಚ್ಚುತ್ತೇನೆಂದು. ಬಗ್ಗಿ ಕೂಸಿನ ಹೊಟ್ಟೆಗೆ ಮೂಗು ಉಜ್ಜಿ “ಬೆರ್ಕೇ, ಬೆರ್ಕೇ” ಎಂದಳು. ಅದು ಕೇಕೆ ಹಾಕಿ ನಕ್ಕಿತು.

ನಿನ್ನ ತಮ್ಮನನ್ನು ಅಡುಗೆಮನೆಗೆ ಕರೆದು ಕೇಳಿದೆ. “ಅಯ್ಯೋ ಬಿಡಮ್ಮ, ಅಕ್ಕ ತಮಾಷೆಗೆ ಅಂದಿದ್ದು. ಇವಳಿಗೆ ಆ ಸದ್ದು ಹಿಡಿಸಿಬಿಡ್ತು. ಈಗ ಹೇಳಿದ್ರೆ ಸುಮ್ನೆ ರಾದ್ಧಾಂತ” ಎಂದ. ಅವಳಿಗೆ ಅಕ್ಷರ ಬರೆದುಕೊಟ್ಟವನು ಅವನೇ! ತಾನು ಹುಟ್ಟಿಸಿದ ಮಗುವಿನ ತೊಟ್ಟಿಲಿಗೆ ಆ ಮಾತನ್ನು ಬರೆದುಕೊಟ್ಟು, ಅವಳು ತಿದ್ದುವುದನ್ನು ನೋಡುತ್ತ ಕೂತಿದ್ದನಂತೆ ಗಂಡುಮಗ. ನಿಮ್ಮಿಬ್ಬರನ್ನೂ ಒಂದೇ ಎದೆಯ ಹಾಲಿನಲ್ಲಿ ಬೆಳೆಸಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಅವನು ಕೆಲಸಕ್ಕೆ ಹೋದ ಮೇಲೆ ಅವಳ ಬಣ್ಣದ ಪೆಟ್ಟಿಗೆಯಿಂದ ಟರ್ಪೆಂಟೈನ್ ತೆಗೆದು ಅದರಲ್ಲಿ ಬಟ್ಟೆ ಅದ್ದಿ ಉಜ್ಜತೊಡಗಿದೆ. ‘ಬೆ’ ಅಳಿಸುವಷ್ಟರಲ್ಲಿ ಅವಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಬಟ್ಟೆ ಕಿತ್ತುಕೊಂಡಳು. ತನ್ನ ಭಾಷೆಯಲ್ಲಿ ಬೈದಳು, ಆಮೇಲೆ ನಮ್ಮದರಲ್ಲಿ “ನನ್ನ ಮಗು, ನನ್ನ ಮಗು” ಎಂದಳು. ನಾನು ಮೊಮ್ಮಗನನ್ನೇ ಒಲ್ಲೆ ಎನ್ನುತ್ತಿದ್ದೇನೆಂದು ತಿಳಿದಿದ್ದಳು. ನನಗಾದರೂ ಹೇಳಲು ಮಾತೆಲ್ಲಿ? ಅವಳ ತೋಳು ಹಿಡಿದು ಸಿಂಕಿನ ಹತ್ತಿರ ಎಳೆದುಕೊಂಡು ಹೋದೆ. ನನ್ನ ಲೋಟದಲ್ಲಿ ಹಾಲಿತ್ತು. ನಲ್ಲಿ ತಿರುಗಿಸಿ ಅದಕ್ಕೆ ನೀರು ಬಿಟ್ಟೆ, ಬೆರಳಿನಿಂದ ಕಲಕಿದೆ, ಅವಳ ಕಣ್ಣೆದುರು ಹಿಡಿದು “ಬೆರಕೆ” ಎಂದೆ. ಆಮೇಲೆ ಅಷ್ಟನ್ನೂ ಸಿಂಕಿಗೆ ಚೆಲ್ಲಿದೆ.

ಅವಳಿಗೆ ತಕ್ಷಣ ತಿಳಿಯಲಿಲ್ಲ. ಸಿಂಕು ನೋಡಿದಳು, ಕೂಸನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಳಲಿಲ್ಲ ಕಣೇ, ಅತ್ತಿದ್ದರೆ ವಾಸಿಯಿತ್ತು. ಕೂಸಿನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿ “ಯಾರು?” ಎಂದಳು. ನಿನ್ನನ್ನು ಉಳಿಸಲು ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನನ್ನ ಮಗಳು” ಎಂದೆ.

ಸಂಜೆ ಗಂಡ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗ ಅವಳು ಕನ್ನಡದಲ್ಲೇ ಕೇಳಿದಳು, ನನಗೂ ತಿಳಿಯಲಿ ಎಂದು: “ನಿನಗೆ ಗೊತ್ತಿತ್ತಾ?” ಅವನು ಮೊದಲು ನಕ್ಕ. ಆ ನಗೆಯೇ ಸಾಕಾಯಿತು. ತೊಟ್ಟಿಲು ನನ್ನ ಕೋಣೆಗೆ ಬಂತು, ಅವಳೂ ಬಂದಳು. ನಿನ್ನ ತಮ್ಮ ಈಗ ಹಜಾರದಲ್ಲಿ, ಒಣಗುತ್ತಿರುವ ಬೋರ್ಡುಗಳ ನಡುವೆ ಮಲಗುತ್ತಾನೆ. ಬಣ್ಣದ ವಾಸನೆಗೆ ತಲೆನೋವು ಎನ್ನುತ್ತಾನೆ. ಬರಲಿ.

ನೀನು ಮಾಡಿದ್ದು ಅಲ್ಲಿಗೇ ಮುಗಿಯಲಿಲ್ಲ. ನಾನೀಗ ಕೂಸಿಗೆ ಏನೇ ಅಂದರೂ ಅವಳು ತಲೆಯೆತ್ತಿ “ಏನು ಅದು?” ಎನ್ನುತ್ತಾಳೆ. “ಚಿನ್ನ” ಎಂದದ್ದಕ್ಕೆ ಕಿವಿಯ ಓಲೆ ಮುಟ್ಟಿ ತೋರಿಸಬೇಕಾಯಿತು. “ಕಂದ” ಎಂದರೆ ಏನನ್ನು ತೋರಿಸಲಿ? ನನ್ನ ಬಾಯಿಂದ ಬರುವ ಮುದ್ದಿಗೆಲ್ಲ ಸಾಕ್ಷಿ ಒದಗಿಸುವ ಗತಿ ತಂದಿಟ್ಟೆ ನನಗೆ, ಈ ವಯಸ್ಸಿನಲ್ಲಿ. ಹೊಸ ಹೆಸರು ನೀನೇ ಇಡು ಎಂದು ನಾನು ಅವಳಿಗೇ ಬಿಟ್ಟೆ. ತನ್ನ ಭಾಷೆಯ ಮಾತೊಂದನ್ನು ಆರಿಸಿದಳು: ತೀವೊ. ಅದಕ್ಕೇನು ಅರ್ಥವೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅವಳು ನಿನ್ನನ್ನು ನಂಬಿ ಕರೆದ ಹಾಗೆ ನಾನು ಅವಳನ್ನು ನಂಬಿ ಕರೆಯುತ್ತೇನೆ. ನನ್ನ ಬಾಯಲ್ಲಿ ಅದು ಸೊಟ್ಟಗಾಗುತ್ತದೆ, ತಿದ್ದುತ್ತಾಳೆ.

ಹೆತ್ತವಳ ಹಾರೈಕೆ ಕೋಪ ಬಂದರೂ ಬತ್ತುವುದಿಲ್ಲವಲ್ಲ, ಅದೇ ನನ್ನ ಸಂಕಟ. ಚೆನ್ನಾಗಿರು. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು, ಈ ಕಾಗದವನ್ನೂ ಓದಿ ಹೇಳು.

ಇಂತಿ,
ನಿನ್ನ ಅಮ್ಮ

ಮತ್ತೆ: ಇದನ್ನು ಅಂಚೆಗೆ ಹಾಕಲು ಸೊಸೆ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. “ನನ್ನ ಹೆರಿಗೆಗೆ ಬಾ, ಬರುವಾಗ ನನ್ನ ಕೂಸಿಗೂ ಒಂದು ಮುದ್ದಿನ ಹೆಸರು ಹುಡುಕಿ ತಾ” ಎಂದಿದ್ದೆಯಲ್ಲ? ನನ್ನ ಹತ್ತಿರ ಹೆಸರಿಲ್ಲ. ನಿನ್ನ ತಮ್ಮನ ಹೆಂಡತಿಯನ್ನು ಕೇಳು. ನೀನೇ ಫೋನ್ ಮಾಡಿ ಕೇಳಬೇಕು, ನಾನು ಪಕ್ಕದಲ್ಲೇ ಕೂತಿರುತ್ತೇನೆ. ಅವಳು ಕೊಟ್ಟರೆ ಆ ದಿನವೇ ಪೆಟ್ಟಿಗೆ ಕಟ್ಟುತ್ತೇನೆ. ಕೊಡದಿದ್ದರೆ ಹೆರಿಗೆಗೆ ಬೇರೆ ಯಾರನ್ನಾದರೂ ನೋಡಿಕೋ, ನಾನು ಇಲ್ಲೇ ಇರುತ್ತೇನೆ.