ಮುಚ್ಚಳದ ಒಳಗಿನ ಕೊನೇ ಸಾಲು

ಅಣ್ಣಾ,

ತಾತನ ಟ್ರಂಕನ್ನ ಇನ್ನು ಮುಟ್ಟಬೇಡ. ತುಕ್ಕು ಉಜ್ಜೋದು ನಿನ್ನ ಕೆಲಸ, ಒಳಗಿನ ಕಾಗದ ನಂದು ಅಂತ ಮೊದಲೇ ಮಾತಾಗಿತ್ತು. ಒಣ ಬ್ರಶ್ ಸಾಕು ಅಂತ ಬಾಯಿ ಬಡ್ಕೊಂಡೆ. ನೀನು ಸೋಪಿನ ನೀರು ಹಾಕಿ ಮುಚ್ಚಳದ ಒಳಗೆಲ್ಲ ಒರೆಸಿಟ್ಟಿದ್ದೀಯ!

ಅಲ್ಲಿ ಅಂಟಿಸಿರೋ ಹಳೇ ಪೇಪರಿನ ಮೇಲೆ ಅಮ್ಮನ ಕೈಬರಹ ಇದೆ, ನೋಡಿದ್ಯಾ? ಬಟ್ಟೆ ನಾಲ್ಕು ಜೊತೆ. ಮಾರ್ಕ್ಸ್ ಕಾರ್ಡು. ಅವರಿಗೆ (ಅಪ್ಪನಿಗೇ ಇರಬೇಕು) ಚೀಟಿ ಬರೆದಿಡೋದು. ಮನೆ ಬಿಟ್ಟು ಹೊರಟವಳ ಪಟ್ಟಿ ಅದು. ಪೇಪರಿನ ತಾರೀಕು ನೋಡಿದರೆ ಆಗ ನನಗೆ ಎಂಟು ತಿಂಗಳು, ನಿನಗೆ ಮೂರು ವರ್ಷ. ಕೊನೇ ಸಾಲು 'ಪುಟ್ಟ ಸ್ವೆಟರು'. ಒಂದೋ ಎರಡೋ, ಕರ್ಕೊಂಡು ಹೊರಟಿದ್ದು ಒಬ್ಬರನ್ನೋ ಇಬ್ಬರನ್ನೂನೋ, ಆ ಅಂಕಿ ನಿನ್ನ ಸೋಪಿನ ಜೊತೆ ಹೋಯ್ತು.

ಕೂತಲ್ಲಿ ಕೂರೋಕಾಗ್ತಿಲ್ಲ. ಆ ಸಾಲಿನ ಫೋಟೊ ತಗೊಂಡು ಹಳೇ ಪುಸ್ತಕ ರಿಪೇರಿ ಮಾಡೋರ ಹತ್ತಿರ ಹೋಗ್ತಿದ್ದೀನಿ. ಅಳಿಸಿದ ಶಾಯಿ ಓದೋಕೆ ಅವರಿಗೆ ಬರುತ್ತಂತೆ.

ಒದ್ದೆ ಆರೋವರೆಗೂ ಮುಚ್ಚಳ ಹಾಕಬೇಡ. ಸಂಜೆ ಅಮ್ಮ ಬರೋ ಮುಂಚೆ ಮೇಲೊಂದು ಬೆಡ್‌ಶೀಟ್ ಹೊದಿಸು. ನೀನೇನೂ ಕೇಳಬೇಡ, ನಾನೇ ಕೇಳ್ತೀನಿ. ಬೇಡ, ನಾನೂ ಕೇಳಲ್ಲ.

ಹಾಲು ಕಾಸಿಟ್ಟಿದ್ದೀನಿ.

ಒಂದೇ ಸ್ವೆಟರು ಅಂತಿದ್ದರೆ ಅದು ನಿಂದೇ ಆಗಿರಲಿ ಬಿಡು. ಮೊದಲಿಂದಲೂ ನಿನಗೇ ಚಳಿ ಜಾಸ್ತಿ.