ಗೊಂಬೆಯ ಪಕ್ಕದಲ್ಲಿ ಜಾಗ

ಫಿಯೊರೆಂಜಾ ಟೀಚರಿಗೆ,

ಶಿಶುಶಾಲೆಯ ಗೋಡೆಗೆ ನೀವು ಅಂಟಿಸಿದ ನನ್ನ ಇರ್ಮಾಳ ಫೋಟೊ ನೋಡಿದೆ. ಮನೆಯಾಟದಲ್ಲಿ ಅಮ್ಮನಾಗಿ ಅವಳು ಆಡಿದ ಮಾತನ್ನೂ ಕೆಳಗೆ ಬರೆದಿದ್ದೀರಿ: "ಬೇಗ ಬೇಗ! ಷೂ ಹಾಕ್ಕೋ, ಬಸ್ಸು ಹೋಗ್ಬಿಡತ್ತೆ!" ಬೇರೆ ತಾಯಂದಿರು ಓದಿ ನಕ್ಕರು. ದಯವಿಟ್ಟು ಅದನ್ನು ತೆಗೆಯಿರಿ.

ದಿನಾ ಬೆಳಿಗ್ಗೆ ಟೈಲ್ಸ್ ಕಾರ್ಖಾನೆಗೆ ಓಡುವ ನಾನು ಅವಳಿಗೆ ಇನ್ನೇನು ಹೇಳಬೇಕಿತ್ತು? ಮಕ್ಕಳ ಆಟ ನೋಡುತ್ತ ಕೂರಲು ನಿಮಗೆ ಸಂಬಳ ಕೊಡುತ್ತಾರೆ. ನನಗೆ ಯಾರು ಕೊಡುತ್ತಾರೆ?

ನಿನ್ನೆ ಸಂಜೆ ನಾನು ಪಾಸ್ತಾ ಬೇಯಿಸುತ್ತಿದ್ದೆ. ಇರ್ಮಾ ಗೊಂಬೆಯ ಮುಂದೆ ಅಂಗಿಯ ಗುಂಡಿಗಳನ್ನು ಹರಡಿ, ತಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು.

"ಏನೇ ಮಾಡ್ತಿದ್ದೀಯ?"

"ಶ್! ನಾನು ಫಿಯೊರೆಂಜಾ. ಗೊಂಬೆ ಆಡ್ತಿದೆ, ನಾನು ನೋಡ್ತಿದ್ದೀನಿ."

ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಒಲೆ ಆರಿಸಿ ನಾನೂ ನೆಲದ ಮೇಲೆ ಕೂತೆ.

"ನೀನು ಏಳಮ್ಮ, ನಿಂಗೆ ಲೇಟಾಗತ್ತೆ," ಎಂದು ನನ್ನನ್ನು ತಳ್ಳಿದಳು.

ಶುಕ್ರವಾರ ನನಗೆ ರಜ. ನೀವು ಕೂರುವಲ್ಲಿ, ನೆಲದ ಮೇಲೆ, ನನಗೂ ಒಂದಿಷ್ಟು ಜಾಗ ಬಿಡಿ. ಬಾಯಿ ಬಿಡುವುದಿಲ್ಲ, ಷೂ ಹೊರಗೇ ಬಿಟ್ಟು ಬರುತ್ತೇನೆ. ಅವಳು ಮತ್ತೆ ಎಬ್ಬಿಸಿದರೆ, "ಇರಲಿ ಬಿಡು" ಎಂದು ನೀವೇ ಹೇಳಬೇಕು.

ನಿಮ್ಮ ಮಾತಾದರೆ ಕೇಳುತ್ತಾಳೆ.

ಇರ್ಮಾಳ ತಾಯಿ,
ಓರ್ನೆಲ್ಲಾ