ಕೊಟ್ಟಿಗೆ ಗೂಡಿನ ಹಕ್ಕಿ ಕಪ್ಪು

ಹಳೇನಗರ, ಭದ್ರಾವತಿ
೯ ನವೆಂಬರ್ ೨೦೦೨, ಶನಿವಾರ

ಪ್ರೀತಿಯ ಮಗಳು ಪ್ರಿಯದರ್ಶಿನಿಗೆ,

ಅಪ್ಪಾಜಿಯ ಅಕ್ಷರ ಎಂದು ಗುರುತಿಸಿದ ಮೇಲೂ ಲಕೋಟೆ ಒಡೆದಿದ್ದೀಯ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಹೆರಿಗೆಯಾದ ಮೇಲೆ ಶುರುವಾದದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ, ಶಾಲೆಯಲ್ಲಿ ನಿಂತು ಪಾಠ ಮಾಡುವುದು ಕಷ್ಟ ಎಂದು ನಿಮ್ಮಮ್ಮ ಹೇಳಿದಳು. ಅವಳು ಕಣ್ಣಿನ ಡಾಕ್ಟರ ಹೆಸರು ಹೇಳಿ ತಿಂಗಳಿಗೊಮ್ಮೆ ಶಿವಮೊಗ್ಗದ ಬಸ್ಸು ಹತ್ತುವುದು ನನಗೆ ಗೊತ್ತಿಲ್ಲ ಎಂದು ಇಬ್ಬರೂ ತಿಳಿದಿದ್ದೀರಿ. ಯಾವ ಕಣ್ಣಿನ ಡಾಕ್ಟರೂ ಬಂದವರ ಕೈಗೆ ಕೊಬ್ಬರಿ ಮಿಠಾಯಿ ಡಬ್ಬಿ ಕೊಟ್ಟು ಕಳಿಸುವುದಿಲ್ಲ, ಮಾರಾಯ್ತಿ. ಆ ಮಿಠಾಯಿಯನ್ನು ಯಾರು ಮಾಡಿದ್ದೆಂದು ಕೇಳದೆ ನಾನೂ ತಿಂದಿದ್ದೇನೆ. ನನ್ನ ಮಂಡಿ ಮೊದಲಿನ ಹಾಗೇ ಇದೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ದೀಪಾವಳಿ ಕಳೆದು ಐದು ದಿನವಾಯಿತು. ನೀನಿಲ್ಲದ ನಾಲ್ಕನೆಯ ದೀಪಾವಳಿ ಇದು. ನಿಮ್ಮಮ್ಮ ಹೋಳಿಗೆ ಮಾಡಿದಳು, ಇಬ್ಬರೇ ಕೂತು ತಿಂದೆವು.

ನೀವಿರುವ ಶಿವಮೊಗ್ಗದ ಆಲ್ಕೊಳಕ್ಕೆ ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ. ಅಷ್ಟು ಹತ್ತಿರ ಇರುವ ಮಗಳಿಗೆ ಅಂಚೆಯಲ್ಲಿ ಬರೆಯುವುದು ಯಾಕೆಂದರೆ, ಇದನ್ನು ಎದುರಿಗೆ ನಿಂತು ಹೇಳುವ ಶಕ್ತಿ ನನಗಿಲ್ಲ. ಪತ್ರಿಕೆಗಳಿಗೆ ನಲವತ್ತು ವರ್ಷ ಪತ್ರ ಬರೆದವನಿಗೆ ಈ ಒಂದು ಪತ್ರಕ್ಕೆ ಮೂರು ಹಾಳೆ ಹರಿದು ಹಾಕಬೇಕಾಯಿತು.

ನಮ್ಮ ಮನೆಯ ಶೋಕೇಸು ನಿನಗೆ ಗೊತ್ತು. ಕಾರ್ಖಾನೆಯ ಬಂಗಲೆಗಳನ್ನು ಖಾಲಿ ಮಾಡುವಾಗ ಹರಾಜಿನಲ್ಲಿ ಹಿಡಿದದ್ದು, ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ ಭಾನುವಾರಗಟ್ಟಲೆ ಕೆದಕಿ ತೆಗೆದದ್ದು, ಎಲ್ಲ ಇಂಗ್ಲೆಂಡಿನ ಹಳೆಯ ಪಿಂಗಾಣಿ. ಜೋಡಿ ನಾಯಿ ಬೊಂಬೆ, ಗುಲಾಬಿ ಹೂವಿನ ಹಾಲಿನ ಜಗ್ಗು, ಮುಚ್ಚಳದ ಸಾರಿನ ಪಾತ್ರೆ. ಆ ಪಾತ್ರೆಯಲ್ಲಿ ಒಬ್ಬ ಮಹಾನುಭಾವ ಮೊಳೆ ತುಂಬಿಸಿಟ್ಟಿದ್ದ! ನೂರು ವರ್ಷ ಹಳೆಯ ವಸ್ತುವಿಗೆ ಈ ಊರಿನಲ್ಲಿ ಸಿಗುವ ಮರ್ಯಾದೆ ಅದು ಎಂದು ನಾನು ಕಂಡಕಂಡವರಿಗೆಲ್ಲ ಕೂಗಾಡಿದ್ದು ನಿನಗೆ ನೆನಪಿರಬಹುದು. ವಸ್ತುಗಳ ಮರ್ಯಾದೆಯ ಬಗ್ಗೆ ನನಗೆ ಯಾವಾಗಲೂ ಬಹಳ ಕಾಳಜಿ.

ಮೊನ್ನೆ ರಾಜ್ಯೋತ್ಸವದ ಸಲುವಾಗಿ ಶಿವಮೊಗ್ಗದ ಒಂದು ಸಭಾಭವನದಲ್ಲಿ ಹಳೆಯ ಸಾಮಾನುಗಳ ಮೂರು ದಿನದ ಪ್ರದರ್ಶನವಿತ್ತು. ಅದನ್ನು ನಡೆಸಿದ ಶಾಮಲಾ ಎಂಬವರು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ನನ್ನ ಸಂಗ್ರಹದಿಂದ ಹನ್ನೆರಡು ವಸ್ತು ಕೇಳಿದರು, ಒಂದೊಂದಕ್ಕೂ ತುಂಬಲು ಒಂದೊಂದು ಚೀಟಿ ಕೊಟ್ಟರು. ವಸ್ತುವಿನ ಹೆಸರು, ಎಲ್ಲಿ ತಯಾರಾದದ್ದು, ಎಷ್ಟು ಹಳೆಯದು, ಕೊನೆಯಲ್ಲಿ ‘ಬಳಸಿದವರು’. ಹನ್ನೊಂದು ಚೀಟಿ ಸಲೀಸಾಗಿ ತುಂಬಿದೆ. ಹನ್ನೆರಡನೆಯದು ಶೋಕೇಸಿನ ನಡುವಿನ ಹಲಗೆಯ ಕಪ್ಪಿನದು. ಬಿಳಿ ಪಿಂಗಾಣಿಯ ಮೇಲೆ ನೀಲಿ ಅಚ್ಚಿನ ಸೇತುವೆ, ಅದರ ಮೇಲೆ ಮೂವರು, ಬಾಗಿದ ಮರ, ಮೇಲೆ ಎರಡು ಹಕ್ಕಿ. ಸಾಹುಕಾರನ ಮಗಳು ಅಪ್ಪನ ಗುಮಾಸ್ತನನ್ನು ಮೆಚ್ಚಿ ಓಡಿಹೋಗುತ್ತಿದ್ದಾಳೆ, ಹಿಂದಿನಿಂದ ಅಪ್ಪ ಅಟ್ಟಿಸಿಕೊಂಡು ಬರುತ್ತಿದ್ದಾನೆ, ಕೊನೆಗೆ ಅವರಿಬ್ಬರೂ ಹಕ್ಕಿಗಳಾದರು ಎಂದು ನಿನಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದೆ. ಪಿಂಗಾಣಿ ಮಾರುವವರು ಗಿರಾಕಿಗಳಿಗಾಗಿ ಕಟ್ಟಿದ ಕಥೆ ಅದು ಎಂದು ಪುಸ್ತಕಗಳಲ್ಲಿದೆ. ನೀನು ಮಾತ್ರ ‘ಅಪ್ಪನ ಕೈಯಲ್ಲಿ ಕೋಲು ಯಾಕಿದೆ?’ ಎಂದು ಪ್ರತಿ ಸಲವೂ ಕೇಳುತ್ತಿದ್ದೆ.

ಅದರ ‘ಬಳಸಿದವರು’ ಜಾಗದಲ್ಲಿ ನಾನು ‘ನಮ್ಮ ಮನೆತನದವರು’ ಎಂದು ಬರೆದೆ.

ಆ ಕಪ್ಪಿನ ನಿಜವಾದ ಕಥೆಯನ್ನು ನಾನು ಯಾವತ್ತೂ ನಿನಗೆ ಹೇಳಲಿಲ್ಲ. ಹೊಳೆಹೊನ್ನೂರಿನ ಆಚೆ ನಮ್ಮ ಹಳ್ಳಿಮನೆಗೆ ಅದು ಬಂದದ್ದು ನಾನು ಏಳೆಂಟು ವರ್ಷದವನಿದ್ದಾಗ. ಊರು ಬಿಟ್ಟು ಹೊರಟ ಯಾರೋ ದೊರೆಯ ಸಾಮಾನು ಹರಾಜಾದಾಗ ನನ್ನ ಅಪ್ಪ ಒಂದು ಗಾಡಿ ಕುರ್ಚಿ ಮೇಜು ತಂದರು. ಅದರ ಜೊತೆ ಹುಲ್ಲಿನಲ್ಲಿ ಸುತ್ತಿದ ಆರು ಕಪ್ಪುಗಳೂ ಬಂದವು. ನನ್ನ ಅಜ್ಜಿ ಅವನ್ನು ಹೊಸಿಲು ದಾಟಿಸಲಿಲ್ಲ. ‘ಹಿತ್ತಾಳೆ ತಾಮ್ರ ಆದ್ರೆ ಹುಣಸೆಹಣ್ಣು ಹಚ್ಚಿ ತಿಕ್ಕಬಹುದು. ಈ ಪಿಂಗಾಣಿ ಎಂಜಲು ಕುಡಿಯುತ್ತೆ, ಯಾರ್‍ಯಾರು ಬಾಯಿಟ್ಟಿದ್ದೋ. ಅಡಿಗೆಮನೆಗೆ ತಂದ್ರೆ ನಾನು ಊಟ ಬಿಡ್ತೀನಿ ನೋಡು’ ಎಂದರು. ಹಾಗಾಗಿ ಕಪ್ಪುಗಳು ಕೊಟ್ಟಿಗೆಗೆ ಹೋದವು. ಗೋಡೆಯ ಗೂಡಿನಲ್ಲಿ, ಗೊರಸಿಗೆ ಹಚ್ಚುವ ಎಣ್ಣೆಯ ಪಕ್ಕ. ನಮ್ಮ ಗದ್ದೆಗೆ ಬರುತ್ತಿದ್ದ ಮಾರಪ್ಪನಿಗೆ, ಅಂದರೆ ನಿನ್ನ ಗಂಡ ಆನಂದ್ ಅವರ ತಾತನಿಗೆ, ಕಾಫಿ ಮಜ್ಜಿಗೆ ಏನು ಕೊಟ್ಟರೂ ಅದರಲ್ಲೇ. ಮೇಲಿನಿಂದ ಹೊಯ್ಯುತ್ತಿದ್ದರು. ಅವರೇ ತೊಳೆದು, ಬೋರಲು ಹಾಕಿ, ಗೂಡಿನಲ್ಲಿಟ್ಟು ಹೋಗಬೇಕು. ಶರಣರ ವಚನಗಳನ್ನು ಬೆಳಿಗ್ಗೆ ಎದ್ದು ಹಾಡುತ್ತಿದ್ದ ಮನೆ ಅದು. ಆ ಹಾಡು ಕೊಟ್ಟಿಗೆಗೂ ಕೇಳಿಸುತ್ತಿತ್ತು.

ಐದು ಕಪ್ಪು ಒಡೆದವು, ಒಂದು ಉಳಿಯಿತು. ೧೯೮೨ರಲ್ಲಿ ಹಳ್ಳಿಮನೆ ಮಾರುವಾಗ ಗೂಡಿನಲ್ಲಿ ಕೈಹಾಕಿ ಅದನ್ನು ತೆಗೆದು, ತಳ ತಿರುಗಿಸಿ ನೋಡಿದೆ. ಕಿರೀಟದ ಮುದ್ರೆ, ಇಂಗ್ಲೆಂಡಿನ ಹೆಸರು. ಎದೆ ಹಾರಿತು! ಪುಸ್ತಕದಲ್ಲಿ ಮಾತ್ರ ನೋಡಿದ್ದ ವಸ್ತು ನಮ್ಮ ಕೊಟ್ಟಿಗೆಯಲ್ಲಿ ನಲವತ್ತು ವರ್ಷದ ಹತ್ತಿರ ಕೂತಿತ್ತು. ಸೋಡಾ ಪುಡಿಯ ನೀರಿನಲ್ಲಿ ಎರಡು ದಿನ ನೆನೆಹಾಕಿದೆ. ಹಿಡಿಯ ಹತ್ತಿರದ ಕೂದಲೆಳೆ ಬಿರುಕಿನಲ್ಲಿ ಕಾಫಿಯ ಕಲೆ ಮಾತ್ರ ಹೋಗಲಿಲ್ಲ. ಬಂದವರಿಗೆಲ್ಲ ‘ನಮ್ಮ ತಂದೆ ಒಬ್ಬ ದೊರೆಯಿಂದ ಕೊಂಡದ್ದು’ ಎಂದೆ. ಅದು ಸುಳ್ಳಲ್ಲ ನೋಡು. ದೊರೆಗೂ ಶೋಕೇಸಿಗೂ ನಡುವಿನ ಗೂಡನ್ನು ಮಾತ್ರ ಬಿಟ್ಟುಬಿಟ್ಟೆ. ಅದೇ ದಶಕದಲ್ಲಿ ಒಂದು ಊರಿನ ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟಿದ್ದಾರೆ ಎಂದು ಪತ್ರಿಕೆಗೆ ಬೆಂಕಿಯಂಥ ಪತ್ರ ಬರೆದೆ. ‘ಇಂಥವರಿಗೆ ನಾಚಿಕೆಯೂ ಇಲ್ಲವೇ’ ಎಂದು ಮುಗಿಸಿದ್ದೆ. ಆ ಕತ್ತರಿಸಿದ ತುಣುಕು ಈಗಲೂ ನನ್ನ ಕಡತದಲ್ಲಿದೆ. ನಿನ್ನೆ ತೆಗೆದು ಓದಿದೆ. ಪೂರ್ತಿ ಓದಲು ಆಗಲಿಲ್ಲ.

೧೯೯೯ರ ಮೇ ತಿಂಗಳಿನ ಆ ಭಾನುವಾರ ನಿನಗೂ ಮರೆತಿಲ್ಲ. ಬಿ.ಎಡ್. ಓದುವಾಗ ಜೊತೆಯಲ್ಲಿದ್ದವರು, ನಮ್ಮೂರಿನ ಮಾರಪ್ಪನ ಮೊಮ್ಮಗ, ಈಗ ಹೈಸ್ಕೂಲು ಮೇಷ್ಟ್ರು ಎಂದು ಮೊದಲೇ ಹೇಳಿ ನೀನು ಆನಂದ್ ಅವರನ್ನು ಮನೆಗೆ ಕರೆದುಕೊಂಡು ಬಂದೆ. ನಾನು ಬಾಗಿಲಿಗೆ ಬಂದು ಕೈಮುಗಿದೆ, ಸೋಫಾದಲ್ಲಿ ಕೂರಿಸಿದೆ. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ಕಾಫಿ ಬಂದಾಗ ನಮಗೆ ಮೂವರಿಗೂ ಸ್ಟೀಲಿನ ಲೋಟ, ಅವರಿಗೆ ಶೋಕೇಸಿನ ಕಪ್ಪು. ನಾನೇ ನನ್ನ ಕೈಯಾರೆ ಕೊಟ್ಟೆ. ಅವರು ಕಪ್ಪನ್ನು ನೋಡಿದರು. ಹಿಡಿಯನ್ನು ಹಿಡಿಯುವುದಕ್ಕೆ ಮೊದಲು ಹೆಬ್ಬೆಟ್ಟನ್ನು ಬಿರುಕಿನ ಮೇಲೆ ಒತ್ತಿಟ್ಟರು. ಹಾಗೆ ಯಾಕೆ ಹಿಡಿದರು ಎಂದು ನನಗೆ ಅವತ್ತು ತಿಳಿಯಲಿಲ್ಲ. ತುಟಿಯ ತನಕ ಎತ್ತಿ ಹಾಗೇ ಕೆಳಗಿಟ್ಟು, ‘ಬಿಸಿ ಇದೆ ಸರ್’ ಎಂದರು. ಅರ್ಧ ಗಂಟೆ ಕೂತಿದ್ದು, ಆರಿದ ಕಾಫಿಯನ್ನೂ ಮುಟ್ಟದೆ ಎದ್ದು ಹೋದರು. ಗೇಟಿನ ತನಕ ಹೋಗಿ ಬಂದ ನೀನು ನನ್ನನ್ನು ಒಂದೇ ಮಾತು ಕೇಳಿದೆ: ‘ಅಪ್ಪಾಜಿ, ಆ ಕಪ್ಪು ಯಾರದ್ದು ಅಂತ ನಿಮಗೆ ಗೊತ್ತಿತ್ತಾ?’ ‘ನನ್ನ ಮನೆ ಕಪ್ಪು ನನ್ನದು, ಇನ್ಯಾರದ್ದು?’ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ‘ಶೋಕೇಸಿನ ಕಪ್ಪಿನಲ್ಲಿ ಕೊಟ್ಟರೂ ಸಾಲದ ಜನ’ ಎಂದುಬಿಟ್ಟೆ. ಮಾರನೆಯ ದಿನ ಬೆಳಿಗ್ಗೆ ನೀನು ಹೋದೆ. ನಿಮ್ಮ ರಿಜಿಸ್ಟರ್ ಮದುವೆಗೆ ನಾನು ಬರಲಿಲ್ಲ. ಈ ಮೂರೂವರೆ ವರ್ಷ ‘ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಕಪ್ಪು ಕೊಟ್ಟೆ, ಅವಮಾನ ಮಾಡಿ ಹೋದ’ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದೆ. ‘ಸಾಕು ಬಿಡಿ ಮಾರಾಯ್ರೆ, ಎಷ್ಟು ಜನರ ಹತ್ರ ಸರ್ಟಿಫಿಕೇಟು ತಗೋತೀರಿ’ ಎಂದು ನಿಮ್ಮಮ್ಮ ಒಂದು ದಿನ ರೇಗಿದಳು.

ಪ್ರದರ್ಶನದ ಎರಡನೆಯ ದಿನ, ಶನಿವಾರ ಬೆಳಿಗ್ಗೆ, ನಾನು ಜೋಡಿ ನಾಯಿಯ ಬಗ್ಗೆ ನಾಲ್ಕು ಜನಕ್ಕೆ ಭಾಷಣ ಮಾಡುತ್ತಿದ್ದೆ. ಬೆನ್ನ ಹಿಂದೆ ಒಂದು ಹೆಂಗಸಿನ ದನಿ ಕೇಳಿತು: ‘ನೋಡವ್ವ, ನಿಮ್ ಮುತ್ತಾತನ ಕಪ್ಪು! ಎರಡು ಹಕ್ಕಿ ಅವೆ ನೋಡು. ಅಯ್ಯ, ಇದು ಇನ್ನೂ ಐತಾ?’ ತಿರುಗಿ ನೋಡಿದೆ. ನಿನ್ನ ಅತ್ತೆ ಬಂಗಾರಮ್ಮನವರು. ಅವರ ಸೊಂಟದ ಮೇಲೆ ಮಗು. ನಿಮ್ಮಮ್ಮ ಅಲಮಾರಿನಲ್ಲಿ ಬಚ್ಚಿಟ್ಟ ಫೋಟೋದ ಮಗು. ಯಶೋಧರಾಳನ್ನು ನಾನು ಮೊದಲ ಸಲ ನೋಡಿದ್ದು ಹಾಗೆ. ಅವಳು ಗಾಜಿಗೆ ಬೆರಳು ಒತ್ತಿ ‘ಗುಬ್ಬಿ’ ಎಂದಳು. ಬಂಗಾರಮ್ಮನವರು ನನ್ನನ್ನು ನೋಡಿರಲಿಲ್ಲ. ಪಕ್ಕದಲ್ಲಿದ್ದ ಶಾಮಲಾ ಅವರಿಗೆ ಖುಷಿಯಿಂದ ಹೇಳುತ್ತಿದ್ದರು: ‘ನಮ್ ಮಾವ ಇದ್ರಲ್ಲೇ ಕುಡೀತಿದ್ದದ್ದು ಕಣಮ್ಮ. ನಾಟಿಗೆ ಹೋದಾಗ ನಾನೂ ಕುಡಿದಿದೀನಿ, ನನ್ ಮಗ ಸಣ್ಣೋನಿದ್ದಾಗ ಅವನೂ. ಇಲ್ಲಿ ಬಿರುಕೈತಲ್ಲ, ತೊಟ್ಟಿಕ್ತಿತ್ತು. ಹೆಬ್ಬೆಟ್ಟು ಒತ್ಕೊಂಡೇ ಕುಡೀಬೇಕಿತ್ತು, ಇಲ್ದಿದ್ರೆ ಸೀರೆ ಎಲ್ಲ ಕಾಫಿ.’ ನಕ್ಕರು. ಮೂರೂವರೆ ವರ್ಷದ ಹಿಂದಿನ ಆ ಹೆಬ್ಬೆಟ್ಟು ಕಣ್ಣಿಗೆ ಕಟ್ಟಿತು.

ಶಾಮಲಾ ಚೀಟಿಯನ್ನೂ ನನ್ನನ್ನೂ ನೋಡಿ, ‘ಹೌದಾ ಸರ್? ಇವರು ಹೇಳ್ತಿರೋದು ಇದೇ ಕಪ್ಪಾ?’ ಎಂದರು. ಸುತ್ತ ಏಳೆಂಟು ಜನ ಇದ್ದರು. ‘ಇಲ್ಲ, ಅವರು ಬೇರೆ ಯಾವುದೋ ನೋಡಿರಬೇಕು. ಈ ಮಾದರಿ ಬಹಳ ಸಾಮಾನ್ಯ’ ಎಂದೆ ನಾನು. ನನ್ನ ಹತ್ತಿರ ಇರುವ ಆ ಒಂದೇ ಕಪ್ಪನ್ನು ಅಪರೂಪದ್ದು ಎಂದು ಇಪ್ಪತ್ತು ವರ್ಷ ಹೊಗಳಿದವನು, ಸಾಮಾನ್ಯ ಎಂದೆ.

ಬಂಗಾರಮ್ಮನವರು ಆಗ ತಿರುಗಿದರು. ನನ್ನನ್ನು ಗುರುತಿಸಿದರು, ಅದರಲ್ಲಿ ಅನುಮಾನವಿಲ್ಲ. ಒಂದು ಕ್ಷಣ ನೋಡಿ, ‘ಇರ್ಬೋದು ಗೌಡ್ರೇ. ನನಗೂ ಕಣ್ಣು ಮಂಜು’ ಎಂದು ಮಗುವಿನ ಬೆರಳನ್ನು ಗಾಜಿನಿಂದ ಬಿಡಿಸಿ ಕರೆದುಕೊಂಡು ಹೋದರು. ಅಷ್ಟು ಜನರೆದುರು ನನ್ನ ಮಾನ ಕಾಪಾಡಿದ್ದು ಅವರು. ಈ ಸಂಗತಿ ಅವರು ನಿನಗೆ ಹೇಳಿರಲಾರರು. ಹೇಳುವವರಲ್ಲ ಎಂದು ಅವರ ಮುಖ ನೋಡಿದಾಗಲೇ ತಿಳಿಯಿತು. ಅದಕ್ಕೇ ನಾನು ಹೇಳುತ್ತಿದ್ದೇನೆ.

ಭಾನುವಾರ ಸಂಜೆ, ಮುಗಿಯಲು ಅರ್ಧ ಗಂಟೆ ಇರುವಾಗ, ಹಳೆಯ ಚೀಟಿ ಹರಿದು ಬೇರೆ ಬರೆದಿಟ್ಟೆ: ‘ಬಳಸಿದವರು: ಮಾರಪ್ಪ ಮತ್ತು ಅವರ ಮನೆಯವರು. ನಮ್ಮ ಮನೆಯ ಲೋಟವನ್ನು ಅವರಿಗೆ ಕೊಡುತ್ತಿರಲಿಲ್ಲ.’ ಕೆಳಗೆ ನನ್ನ ಹೆಸರು ಹಾಕಿದೆ. ಆ ಹೊತ್ತಿಗೆ ಸಭಾಂಗಣದಲ್ಲಿ ಇದ್ದದ್ದು ಕುರ್ಚಿ ಮಡಚುವ ಇಬ್ಬರು, ಮಳೆ ಬಂತೆಂದು ಒಳಗೆ ನಿಂತಿದ್ದ ಒಂದು ಕುಟುಂಬ. ನನ್ನ ಧೈರ್ಯದ ಅಳತೆ ಅಷ್ಟು. ಇದನ್ನು ದೊಡ್ಡದೆಂದು ಎಣಿಸಬೇಡ.

ಕಪ್ಪು ಈಗ ಮೇಜಿನ ಮೇಲೆ ನನ್ನ ಎದುರಿಗಿದೆ. ಅದನ್ನು ನಿಮ್ಮ ಮನೆಗೆ ಉಡುಗೊರೆಯೆಂದು ಕಳಿಸುವ ಯೋಚನೆ ಬಂತು, ಬಂದದ್ದಕ್ಕೇ ನಾಚಿಕೆಯಾಯಿತು. ಇಡುವುದೋ ಒಡೆಯುವುದೋ ಬಂಗಾರಮ್ಮನವರು ಹೇಳಿದ ಹಾಗೆ ಆಗಲಿ. ನನ್ನ ಪರವಾಗಿ ಅವರನ್ನು ಕೇಳು ಎಂದು ನಿನಗೆ ಹೇಳುವುದಿಲ್ಲ. ಕರೆದರೆ ನಾನೇ ಬಂದು ಕೇಳುತ್ತೇನೆ.

ಯಶೋಧರಾಗೆ ಒಳ್ಳೆಯ ಹೆಸರು ಇಟ್ಟಿದ್ದೀರಿ. ಅವಳಿಗೆ ನನ್ನ ಮುತ್ತು, ಅವಳು ಒಪ್ಪಿದರೆ. ಅಳಿಯಂದಿರಿಗೆ ನನ್ನ ನಮಸ್ಕಾರ. ಈ ಮಾತನ್ನು ಮೊದಲ ಸಲ ಬರೆಯುತ್ತಿದ್ದೇನೆ. ನಿನ್ನ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೋ, ಭಾರ ಎತ್ತಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ.

ಇಂತು ನಿನ್ನ ಅಪ್ಪಾಜಿ,
ಉಜ್ಜನಪ್ಪ

ಮರೆತದ್ದು: ಲಕೋಟೆ ಅಂಟಿಸಿ, ಅಂಚೆ ಡಬ್ಬದ ತನಕ ಹೋಗಿ ವಾಪಸು ಬಂದೆ. ನೀನು ಕೇಳಿದ್ದಕ್ಕೆ ಇಷ್ಟು ಹಾಳೆ ಬರೆದರೂ ಉತ್ತರವನ್ನೇ ಬರೆದಿರಲಿಲ್ಲ. ಅವತ್ತು ನಿಮ್ಮಮ್ಮ ನಾಲ್ಕು ಸ್ಟೀಲಿನ ಲೋಟಗಳಿಗೂ ಕಾಫಿ ಬಗ್ಗಿಸಿಯಾಗಿತ್ತು. ‘ತಡಿ’ ಎಂದು ಒಂದನ್ನು ಹಿಂದಕ್ಕೆ ತೆಗೆದು, ಶೋಕೇಸಿನ ಬೀಗ ತೆರೆದವನು ನಾನು. ಮರ್ಯಾದೆಗೆ ಎಂದು ನನಗೆ ನಾನೇ ಹೇಳಿಕೊಂಡೆ. ನೀವಿಬ್ಬರೂ ಗೇಟಿನ ಕಡೆ ಹೋದ ಮೇಲೆ, ಅವರ ತುಟಿಯೂ ತಾಗದ ಆ ಕಪ್ಪನ್ನು ಅಡಿಗೆಮನೆಗೆ ಒಯ್ಯದೆ ಹಿತ್ತಲ ನಲ್ಲಿಗೆ ಒಯ್ದು ಎರಡು ಸಲ ತೊಳೆದೆ. ನಿಮ್ಮಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನಗೆ ಗೊತ್ತಿತ್ತು, ಪ್ರಿಯಾ.